"ಟ್ರಯಲ್"ಗೆ ಕನ್ನಡದಲ್ಲಿ ಏನನ್ನಬಹುದು? "ಬೋಣಿ" ಒಗ್ಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗದ ಮಾಚೇನಹಳ್ಳಿಯ ಒಂದು ಫೌಂಡ್ರಿಗೆ (ಎರಕದ ಕಾರ್ಖಾನೆಗೆ) ಕನ್ನಡದಲ್ಲಿ ಪುಟ್ಟ ಕೈಪಿಡಿ ಬರೆದುಕೊಡುತ್ತಿದ್ದೇನೆ. ಸ್ಟಾರ್ಟಪ್‌ಗಳಿಂದ ಮಾಲು ಕೊಳ್ಳುವಾಗ ಖರೀದಿ ವಿಭಾಗ, ಸ್ಟೋರ್ಸ್, ಅಕೌಂಟ್ಸ್‌ನವರು ಏನೇನು ಮಾಡಬೇಕು ಅನ್ನುವುದು ವಿಷಯ. ಸಪ್ಲೈಯರ್‌ಗೆ ಸರಬರಾಜುದಾರ ಅಂತ ಇಟ್ಟಿದ್ದೇನೆ, ಅದರಲ್ಲಿ ತಕರಾರಿಲ್ಲ. ತೊಡಕಿರುವುದು "ಟ್ರಯಲ್" ಅನ್ನುವ ಪದದಲ್ಲಿ.

ನಮ್ಮ ಕಡೆ ಟ್ರಯಲ್ ಅಂದರೆ ಪುಕ್ಕಟೆ ಅಂತಲೇ ಆಗಿಬಿಟ್ಟಿದೆ. ಬೇರೊಂದು ಕಾರ್ಖಾನೆಯಲ್ಲಿ ಇದನ್ನು ಹತ್ತಿರದಿಂದ ನೋಡಿದೆ. ಇಬ್ಬರು ಹುಡುಗರು ಅಚ್ಚಿನ ಮರಳಿನ ತೇವ ಅಳೆಯುವ ಸಾಧನ ಮಾಡಿದ್ದರು. ಮಲೆನಾಡಿನ ಮಳೆಗಾಲದಲ್ಲಿ ಇದು ಸಣ್ಣ ವಿಷಯ ಅಲ್ಲ. ತೇವ ಜಾಸ್ತಿಯಾದರೆ ಕರಗಿದ ಕಬ್ಬಿಣ ಹೊಯ್ದ ಕೂಡಲೇ ಆವಿ ಎದ್ದು ಎರಕದೊಳಗೆ ತೂತು ಬೀಳುತ್ತದೆ, ಆ ಪೀಸು ರಿಜೆಕ್ಟ್. ಮರಳನ್ನು ಮುಷ್ಟಿಯಲ್ಲಿ ಅಮುಕಿ, ಉಂಡೆ ಮುರಿದು ತೇವ ಅಂದಾಜು ಮಾಡುತ್ತಿದ್ದ ಮಿಕ್ಸರ್ ಆಪರೇಟರ್, ಕೆಲವೇ ದಿನಗಳಲ್ಲಿ ಆ ಸಾಧನದ ಪರದೆ ನೋಡಿ ನೀರು ಬಿಡತೊಡಗಿದರು. ಮಳೆಗಾಲ ಪೂರ್ತಿ ಅದು ಕೆಲಸ ಮಾಡಿತು. ಹುಡುಗರು ದುಡ್ಡು ಕೇಳಿದರೆ ಕಾರ್ಖಾನೆಯವರು "ಅದು ಟ್ರಯಲ್ ಅಲ್ವಾ?" ಅಂದರು. ಪಿ.ಒ. (ಪರ್ಚೇಸ್ ಆರ್ಡರ್, ಅಂದರೆ ಲಿಖಿತ ಖರೀದಿ ಆದೇಶ) ಆಗಿರಲಿಲ್ಲ. ಸರಬರಾಜುದಾರರ ಪಟ್ಟಿಗೆ ಸೇರಿಸಿ ಕೊಡುವ ವೆಂಡರ್ ಕೋಡ್ ಇಲ್ಲದೆ ಪಿ.ಒ. ಆಗುವುದಿಲ್ಲ. ಕೋಡ್ ಬೇಕೆಂದರೆ ಮೂರು ವರ್ಷದ ಬ್ಯಾಲೆನ್ಸ್ ಶೀಟ್ ಕೊಡಬೇಕು. ಶುರುವಾಗಿ ಇನ್ನೂ ವರ್ಷ ತುಂಬದವರು ಅದನ್ನು ಎಲ್ಲಿಂದ ತರಬೇಕು? ಯಾರೂ ಬೇಕಂತಲೇ ಮೋಸ ಮಾಡಲಿಲ್ಲ. ಆದರೆ ಹುಡುಗರ ಕೈಗೆ ದುಡ್ಡು ಬರಲಿಲ್ಲ.

ಹಾಗಾಗಿ ಕೈಪಿಡಿಯಲ್ಲಿ ಬರುವ ಪದದಲ್ಲೇ ಹಣದ ಮಾತು ಇರಬೇಕು ಅನ್ನುವುದು ನನ್ನ ಆಸೆ. ಪ್ರಯೋಗ, ಮಾದರಿ ಎರಡರಲ್ಲೂ ಅದಿಲ್ಲ. ಮಾದರಿ ಅಂದರೆ ಸ್ಯಾಂಪಲ್ ಅಂದುಕೊಳ್ಳುತ್ತಾರೆ, ಅದೂ ಪುಕ್ಕಟೆಯೇ. ದುಡ್ಡು ಕೊಟ್ಟೇ ಪರೀಕ್ಷಿಸುವ ಪದ್ಧತಿಯೂ ಇದೆ. 2015ರಲ್ಲಿ ಬಿಎಂಡಬ್ಲ್ಯು ಕಾರು ಕಂಪನಿ ಶುರು ಮಾಡಿದ ಸ್ಟಾರ್ಟಪ್ ಗ್ಯಾರೇಜ್ ಅನ್ನುವ ಯೋಜನೆಯಲ್ಲಿ ಕಂಪನಿ ಸ್ಟಾರ್ಟಪ್‌ನ ಷೇರು ಕೊಳ್ಳುವುದಿಲ್ಲ. ವೆಂಡರ್ ನಂಬರ್ ಕೊಟ್ಟು, ಪರ್ಚೇಸ್ ಆರ್ಡರ್ ಹಾಕಿ, ಮೊದಮೊದಲ ಮಾಲನ್ನೇ ದುಡ್ಡು ಕೊಟ್ಟು ಕೊಳ್ಳುತ್ತದೆ. ಹೀಗೆ ಕೊಳ್ಳುವ ಕಂಪನಿಗೆ ವೆಂಚರ್ ಕ್ಲೈಂಟ್ ಅನ್ನುತ್ತಾರೆ.

ಇದಕ್ಕೆ ಪದ ಹುಡುಕುವಾಗ ಹೊಳೆದದ್ದು ಬೋಣಿ. ಗಾಂಧಿ ಬಜಾರಿನಲ್ಲಿ ಬೆಳಿಗ್ಗೆ ಹೂವು ಕೊಂಡು, ಚಿಲ್ಲರೆ ಸಂಜೆ ಕೊಡುತ್ತೇನೆ ಅಂದು ನೋಡಿ. "ಬೋಣಿ ಟೈಮಲ್ಲಿ ಉದ್ರಿ ಬೇಡಿ" ಅನ್ನುತ್ತಾರೆ. ವ್ಯಾಪಾರ ಸಣ್ಣದಿದ್ದರೂ ದುಡ್ಡು ಕೈಗೆ ಬರಬೇಕು. ನಮಗೆ ಬೇಕಾದ ಅರ್ಥ ಇದೇ ಅಲ್ವಾ? ಮೊದಲ ಖರೀದಿಗೆ "ಬೋಣಿ ಖರೀದಿ", ವೆಂಚರ್ ಕ್ಲೈಂಟ್‌ಗೆ "ಬೋಣಿ ಗಿರಾಕಿ" ಅಂತ ಬರೆದು ನೋಡಿದ್ದೇನೆ. ಸ್ಟೋರ್ಸ್‌ನವರಿಗೆ ಓದಿ ಹೇಳಿದಾಗ ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ.

ಒಂದು ಕೊರತೆ ಇದೆ. ಬೋಣಿಯಲ್ಲಿ ಪರೀಕ್ಷೆಯ ಅರ್ಥ ಇಲ್ಲ. ಎಷ್ಟು ದಿನ ಓಡಿಸಿ ನೋಡಬೇಕು, ತೇವದ ಅಳತೆ ಎಷ್ಟು ಹೊಂದಿದರೆ ಪಾಸು, ಪಾಸು ಅನ್ನುವವರು ಯಾರು, ಆಮೇಲೆ ದೊಡ್ಡ ಆರ್ಡರ್ ಯಾರು ಕೊಡುತ್ತಾರೆ, ಇದೆಲ್ಲ ಮೊದಲೇ ಬರೆದಿಡಬೇಕಾದ್ದು. ಅದಕ್ಕೇ ಪಿ.ಒ.ದಲ್ಲಿ "ಪರೀಕ್ಷಾ ಖರೀದಿ", ಕೈಪಿಡಿಯ ಮಾತಿನಲ್ಲಿ "ಬೋಣಿ" ಅಂತ ಎರಡನ್ನೂ ಇಡುವ ಯೋಚನೆ ಇದೆ.

ಇನ್ನೊಂದು ಪದ "ಸ್ವೀಕಾರ". 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಅಭಿವೃದ್ಧಿ ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಸ್ವೀಕಾರದ ದಿನದಿಂದ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಬರವಣಿಗೆಯಲ್ಲಿ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸ್ವೀಕಾರ ಅಂದರೆ ಕ್ಯೂ.ಸಿ. (ಗುಣಮಟ್ಟದ ತಪಾಸಣೆ) ಪಾಸಾದ ದಿನ ಅಂತ ಕಾರ್ಖಾನೆಯಲ್ಲಿ ಎಲ್ಲರೂ ತಿಳಿದಿದ್ದಾರೆ. ಕಾಯ್ದೆ ಹೇಳುವುದು ಬೇರೆ: 15 ದಿನದೊಳಗೆ ಬರವಣಿಗೆಯಲ್ಲಿ ಆಕ್ಷೇಪ ಹೇಳದಿದ್ದರೆ, ಮಾಲು ಬಂದಿಳಿದ ದಿನವೇ ಸ್ವೀಕಾರದ ದಿನ. "ಮಾಲು ಇಳಿದ ದಿನ" ಅಂತ ಬರೆದರೆ ಗೇಟಿನವರಿಗೂ ತಿಳಿಯುತ್ತದೆ. ಆದರೆ ಆಕ್ಷೇಪ ಹೇಳಿದ್ದರೆ, ಅದನ್ನು ಸರಿಪಡಿಸಿದ ದಿನದಿಂದ ಲೆಕ್ಕ. ಎರಡಕ್ಕೂ ಹೊಂದುವ ಒಂದು ಪದ ನನಗೆ ಸಿಕ್ಕಿಲ್ಲ.

ಈ ಜಾಗದಲ್ಲಿ "ನವೋದ್ಯಮ" ಅಂತ ಸುಮ್ನೆ ಬರೆಯುವ ಹಾಗೂ ಇಲ್ಲ. ಸ್ಟಾರ್ಟಪ್ ಅನ್ನುವ ಮಾನ್ಯತೆ ಬೇರೆ, ಎಂಎಸ್‌ಎಂಇ ಅಂತ ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ ಬೇರೆ. 45 ದಿನದ ರಕ್ಷಣೆ ಸಿಗಲು ಎರಡನೆಯದೇ ಬೇಕು.

ಸಾಗರ, ತೀರ್ಥಹಳ್ಳಿ, ಶಿರಸಿ ಕಡೆಯವರು ದಯವಿಟ್ಟು ಹೇಳಿ: ನಿಮ್ಮಲ್ಲಿ ಬೋಣಿ ದಿನದ ಮೊದಲ ವ್ಯಾಪಾರಕ್ಕೆ ಮಾತ್ರವೋ, ಹೊಸ ಅಂಗಡಿಯ ಮೊದಲ ವ್ಯಾಪಾರಕ್ಕೂ ಬರುತ್ತದೆಯೋ? ಎರಡನೆಯ ಬಳಕೆ ಇದ್ದರೆ ನನ್ನ ಅರ್ಧ ಕೆಲಸ ಆದ ಹಾಗೆ. ಸ್ವೀಕಾರದ ಬದಲು ಬೇರೆ ಪದ ಬಳಸಿದವರಿದ್ದರೆ, ಆ ವಾಕ್ಯವನ್ನೂ ಪೂರ್ತಿ ಬರೆದು ಕಳಿಸಿ.