ನೈಟ್ರೈಟ್ 5 ತೋರಿಸುತ್ತಿದೆ: ನೀರು ಬದಲಿಸಬೇಕೋ, ಕಾಯಬೇಕೋ?

ಹೊಸ_ಉಪ್ಪುನೀರು: ಬೆಂಗಳೂರು. 200 ಲೀಟರ್ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕ್, ಒಣ ಕಲ್ಲು (ಜೀವಿಗಳಿಲ್ಲದ ಅಕ್ವೇರಿಯಂ ಕಲ್ಲು), ಅಮೋನಿಯಂ ಕ್ಲೋರೈಡ್ ಹಾಕಿ ಸೈಕ್ಲಿಂಗ್ ನಡೀತಿದೆ, ಅಂದರೆ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಸ್ತಿದ್ದೇನೆ. ಮೀನು ಬಿಟ್ಟಿಲ್ಲ. ಈಗಿನ ರೀಡಿಂಗ್: ಅಮೋನಿಯಾ 0.25, ನೈಟ್ರೈಟ್ 5, ನೈಟ್ರೇಟ್ 160 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ಪಿಎಚ್ 7.9, ಸಾಲಿನಿಟಿ (ಸಾವಿರಕ್ಕೆ ಉಪ್ಪಿನಂಶ) 35. ನೀರು ಅಡುಗೆಮನೆಯ ಆರ್‌ಒದ್ದು. ಅರ್ಧ ನೀರು ಬದಲಿಸಿ ಪಿಎಚ್ ಏರಿಸುವ ಪುಡಿ ಹಾಕಿ ಅಂತ ಸಲಹೆ ಬಂದಿದೆ. ಸರೀನಾ?

ಹವಳದಿಣ್ಣೆ: ಎರಡೂ ಬೇಡ. ಮೊದಲು ಆ 160 ಅನ್ನು ನಂಬಬೇಡಿ. ನೈಟ್ರೇಟ್ ಕಿಟ್ ಮಾಡುವುದೇ ನೈಟ್ರೇಟನ್ನು ನೈಟ್ರೈಟ್ ಆಗಿ ಪರಿವರ್ತಿಸಿ ಅದರ ಬಣ್ಣ ತೋರಿಸುವ ಕೆಲಸ. ನೀರಲ್ಲಿ ಆಗಲೇ ನೈಟ್ರೈಟ್ ಇದ್ದರೆ ಅಂಕಿ ಹಲವು ಪಟ್ಟು ಉಬ್ಬುತ್ತದೆ. ನೈಟ್ರೈಟ್ ಸೊನ್ನೆಗೆ ಬರುವವರೆಗೆ ಆ ಟೆಸ್ಟ್ ಮಾಡಿ ಪ್ರಯೋಜನವಿಲ್ಲ.

ಅಮೋನಿಯಾ 0.25 ಕೂಡ ಅನುಮಾನವೇ. ಹೊಸದಾಗಿ ಕಲಸಿದ ಉಪ್ಪುನೀರಿಗೂ ಅದೇ ಟೆಸ್ಟ್ ಮಾಡಿ, ಎರಡು ಟ್ಯೂಬನ್ನೂ ಹಗಲು ಬೆಳಕಲ್ಲಿ ಪಕ್ಕಪಕ್ಕ ಹಿಡಿದು ನೋಡಿ. ಬಣ್ಣ ಒಂದೇ ಆದರೆ ನಿಮ್ಮ ಕಿಟ್ಟಿನ ಸೊನ್ನೆಯೇ ಅದು. ಬಣ್ಣದ ಕಾರ್ಡ್ ಉಪ್ಪುನೀರಿನದ್ದೇ ತಾನೆ? ಸಿಹಿನೀರಿನ ಕಾರ್ಡ್ ಬೇರೆ.

ಅರ್ಧನೀರು: ಒಪ್ಪಲಾರೆ. ನೈಟ್ರೈಟ್ 5 ಅಂದರೆ ಕಿಟ್ಟಿನ ಕಾರ್ಡಿನ ಕೊನೆಯ ಬಣ್ಣ. ನಿಜವಾಗಿ 5 ಇರಬಹುದು, 20 ಇರಬಹುದು. ಅರ್ಧ ನೀರು ಬದಲಿಸಿದರೆ ಕನಿಷ್ಠ ಅಳೆಯುವ ಮಿತಿಯೊಳಗೆ ಬರುತ್ತದೆ. ಬ್ಯಾಕ್ಟೀರಿಯಾ ಇರುವುದು ಕಲ್ಲು, ಮರಳಿನ ಮೇಲೆ. ನೀರು ತೆಗೆದರೆ ಅದು ಹೋಗುತ್ತದೆ ಅನ್ನುವುದು ಬರೀ ಭಯ.

ಹವಳದಿಣ್ಣೆ: ಬ್ಯಾಕ್ಟೀರಿಯಾ ಬಗ್ಗೆ ನೀವು ಹೇಳಿದ್ದು ಸರಿ. ಆದರೆ ಅಳತೆಗೋಸ್ಕರ 100 ಲೀಟರ್ ಚೆಲ್ಲುವುದು ಯಾಕೆ? ಲೀಟರಿಗೆ 37 ಗ್ರಾಂ ಲೆಕ್ಕದಲ್ಲಿ 3.7 ಕೆಜಿ ಉಪ್ಪು ಚರಂಡಿಗೆ. ಒಂದು ಭಾಗ ಟ್ಯಾಂಕ್ ನೀರಿಗೆ ನಾಲ್ಕು ಭಾಗ ಶುದ್ಧ ನೀರು ಬೆರೆಸಿ ಟೆಸ್ಟ್ ಮಾಡಿ, ಬಂದ ಅಂಕಿಯನ್ನು ಐದರಿಂದ ಗುಣಿಸಿ. ಉಪ್ಪುನೀರಿನ ಕ್ಲೋರೈಡ್ ಮೀನಿನ ಕಿವಿರಿನಲ್ಲಿ ನೈಟ್ರೈಟಿಗೆ ಅಡ್ಡ ಬರುತ್ತದೆ, ಹಾಗಾಗಿ ಸಿಹಿನೀರಿನಷ್ಟು ಅಪಾಯವಿಲ್ಲ. ಅದರಲ್ಲೂ ಇಲ್ಲಿ ಮೀನೇ ಇಲ್ಲ.

ವಾರಗಟ್ಟಲೆ ನೈಟ್ರೈಟ್ ಅಲ್ಲಾಡದಿದ್ದರೆ ಫಾಸ್ಫೇಟ್ ನೋಡಿ. ಒಣ ಕಲ್ಲು, ಶುದ್ಧ ನೀರು ಮಾತ್ರ ಇರುವ ಟ್ಯಾಂಕಿನಲ್ಲಿ ನೈಟ್ರೈಟ್ ತಿನ್ನುವ ಬ್ಯಾಕ್ಟೀರಿಯಾಕ್ಕೆ ಬೇಕಾದಷ್ಟೂ ಫಾಸ್ಫೇಟ್ ಇಲ್ಲದಿರಬಹುದು. ಒಂದು ಚಿಟಿಕೆ ಮೀನಿನ ಆಹಾರ ಹಾಕಿದರೆ ಸಾಕು.

ಶೂನ್ಯ_ಟಿಡಿಎಸ್: ಎಲ್ಲರೂ ನೈಟ್ರೈಟ್ ಹಿಡಿದು ಕೂತಿದ್ದೀರಿ. ನನಗೆ ಚಿಂತೆ ಅಡುಗೆಮನೆಯ ಆರ್‌ಒದ್ದು. ಮನೆಯ ಎಷ್ಟೋ ಮೆಷಿನ್‌ಗಳಲ್ಲಿ ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಒಟ್ಟು ಅಳತೆ) ಕಂಟ್ರೋಲರ್ ಇರುತ್ತದೆ. ರುಚಿಗೆಂದು ಒಂದಿಷ್ಟು ಹಸಿ ನೀರನ್ನು ಮತ್ತೆ ಸೇರಿಸುವುದೇ ಅದರ ಕೆಲಸ. ಬೋರ್‌ವೆಲ್ ನೀರಾದರೆ ಆ ಪಾಲಿನಲ್ಲಿ ನೈಟ್ರೇಟ್, ಸಿಲಿಕೇಟ್ ಎರಡೂ ಒಳಗೆ ಬರುತ್ತವೆ. ಮೂರು ತಿಂಗಳಾದ ಮೇಲೂ ಗಾಜಿಗೆ ಕಂದು ಪಾಚಿ ಹತ್ತುತ್ತಲೇ ಇದ್ದರೆ ಮೊದಲು ಇಲ್ಲಿ ಹುಡುಕಿ.

ಮಾಡಬೇಕಾದ್ದು: ಮೆಂಬ್ರೇನ್‌ನಿಂದ ಹೊರಬರುವ ಪೈಪಿಗೇ ಒಂದು ಟಿ ಜಾಯಿಂಟ್ ಹಾಕಿ, ಮಿನರಲ್ ಕಾರ್ಟ್ರಿಜ್‌ಗೆ ಹೋಗುವ ಮುಂಚೆಯೇ ನೀರು ತೆಗೆದುಕೊಳ್ಳಿ, ಡಿಐ ರೆಸಿನ್ (ಉಳಿದ ಲವಣಗಳನ್ನೂ ಹಿಡಿಯುವ ಫಿಲ್ಟರ್) ದಾಟಿಸಿ. ಟಿಡಿಎಸ್ ಪೆನ್ 0 ತೋರಿಸಬೇಕು. ರೆಸಿನ್ ಸೋಲುವಾಗ ಮೊದಲು ಜಾರುವುದು ಸಿಲಿಕಾ, ಪೆನ್ನಿಗೆ ಅದು ಸರಿಯಾಗಿ ಕಾಣುವುದಿಲ್ಲ. 1 ಅಥವಾ 2 ಬರುವವರೆಗೆ ಕಾಯದೆ ರೆಸಿನ್ ಬದಲಿಸಿ. ಅಪಾರ್ಟ್‌ಮೆಂಟ್ ಸಾಫ್ಟ್‌ನರ್ ಟಿಡಿಎಸ್ ಇಳಿಸುವುದಿಲ್ಲ, ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ ಅಷ್ಟೇ. ಮೆಂಬ್ರೇನ್ ಬಾಳಿಕೆಗೆ ಅದು ಒಳ್ಳೆಯದೇ.

ಕಡಲತಡಿ_ಉಡುಪಿ: ಇಷ್ಟೆಲ್ಲ ಯಾಕೆ ಮಾರಾಯ್ರೆ, ಕರಾವಳಿಯಿಂದ ಸಮುದ್ರದ ನೀರೇ ತರಿಸಿಕೊಳ್ಳಬಹುದಲ್ಲ? ಬೇಸಿಗೆಯಲ್ಲಿ ಉಬ್ಬರದ ಹೊತ್ತಿಗೆ ಬಂದರಿನಿಂದ ದೂರ ಹೋಗಿ ತುಂಬಿಸಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ತಾನಾಗಿ ಸರಿ ಇರುತ್ತದೆ.

ಶೂನ್ಯ_ಟಿಡಿಎಸ್: ಬೇಸಿಗೆಯಲ್ಲಿ ಸರಿ. ಮಳೆಗಾಲದಲ್ಲಿ? ಅಳಿವೆಗಳಲ್ಲಿ ಹೊಳೆ ನೀರು ತುಂಬಿ ದಡದ ಹತ್ತಿರ ಸಾಲಿನಿಟಿ ಬಿದ್ದುಹೋಗುತ್ತದೆ, ಜೊತೆಗೆ ಕೆಸರು. ಬಂದರಿನ ಬಳಿ ಡೀಸೆಲ್. ವರ್ಷವಿಡೀ ಒಂದೇ ಗುಣಮಟ್ಟ ಬೇಕಾದರೆ ಬೆಂಗಳೂರಿನವರಿಗೆ ಉಪ್ಪಿನ ಪುಡಿಯೇ ವಾಸಿ.

ಕಡಲತಡಿ_ಉಡುಪಿ: ಮಳೆಗಾಲದ ಮಾತು ಒಪ್ಪುವೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಉಳಿದ ತಿಂಗಳಲ್ಲಿ ನನ್ನ ಮಾತು ಅದೇ. ಆದರೆ ನೀರು ತರುವ ನೆಪದಲ್ಲಿ ಯಾರೂ ಹವಳದ ಕಲ್ಲು ಎತ್ತಬೇಡಿ. ಹವಳದಿಬ್ಬ ಕಟ್ಟುವ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿವೆ. ಒಣ ಕಲ್ಲು ಆರಿಸಿದ್ದು ಒಳ್ಳೆಯ ಕೆಲಸ.

ಕೆಎಚ್_ಎಂಟು: ಪಿಎಚ್ ಪುಡಿ ಯಾಕೆ ಬೇಡ ಅಂತ ಯಾರೂ ಹೇಳಲಿಲ್ಲ. 7.9 ಕೆಟ್ಟ ಅಂಕಿಯಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಿದರೆ ಹೀಗಾಗುತ್ತದೆ. ಒಂದು ಲೋಟ ಟ್ಯಾಂಕ್ ನೀರನ್ನು ಬಾಲ್ಕನಿಯಲ್ಲಿಟ್ಟು ಒಂದು ಗಂಟೆ ಏರ್ ಪಂಪ್ ಓಡಿಸಿ ಮತ್ತೆ ಅಳೆಯಿರಿ. ಏರಿದರೆ ದೋಷ ಕೋಣೆಯ ಗಾಳಿಯದ್ದು, ಪುಡಿ ಹಾಕಿ ಉಪಯೋಗವಿಲ್ಲ.

ನೀವು ಅಳೆಯದೇ ಬಿಟ್ಟದ್ದು ಆಲ್ಕಲಿನಿಟಿ, ಅಂದರೆ ಪಿಎಚ್ ಬೀಳದಂತೆ ತಡೆಯುವ ನೀರಿನ ಶಕ್ತಿ; ಅದರ ಅಳತೆ ಡಿಕೆಎಚ್. 7ರಿಂದ 9 ಡಿಕೆಎಚ್ ಇರಲಿ. ಕಡಿಮೆ ಇದ್ದರೆ ಅಡುಗೆ ಸೋಡಾ: 100 ಲೀಟರಿಗೆ 3 ಗ್ರಾಂ ಹಾಕಿದರೆ 1 ಡಿಕೆಎಚ್ ಏರುತ್ತದೆ, ನಿಮಗೆ 6 ಗ್ರಾಂ. ಆರ್‌ಒ ನೀರಲ್ಲಿ ಕರಗಿಸಿ, ಪಂಪಿನ ಹರಿವು ಇರುವ ಕಡೆ ನಿಧಾನ ಸುರಿಯಿರಿ. ದಿನಕ್ಕೆ 1 ಡಿಕೆಎಚ್‌ಗಿಂತ ಹೆಚ್ಚು ಬೇಡ. ಬೇಕಿಂಗ್ ಪೌಡರ್ ಅಲ್ಲ, ಸೋಡಾ.

ಹೊಸ_ಉಪ್ಪುನೀರು: ಸಾಲಿನಿಟಿ 35 ನಂಬಬಹುದಾ? ರಿಫ್ರ್ಯಾಕ್ಟೋಮೀಟರನ್ನು (ಸಾಲಿನಿಟಿ ಅಳೆಯುವ ಮೀಟರ್) ಆರ್‌ಒ ನೀರಲ್ಲಿ ಸೊನ್ನೆಗೆ ಹೊಂದಿಸಿದ್ದೇನೆ.

ಕೆಎಚ್_ಎಂಟು: ಸೊನ್ನೆಯಲ್ಲಿ ಸರಿ ಇದ್ದದ್ದು 35ರಲ್ಲೂ ಸರಿ ಇರಬೇಕೆಂದಿಲ್ಲ. ಅಯೋಡಿನ್ ಇಲ್ಲದ ಶುದ್ಧ ಉಪ್ಪು 36.5 ಗ್ರಾಂ, ಶುದ್ಧ ನೀರು 963.5 ಗ್ರಾಂ, ಎರಡನ್ನೂ ತೂಕ ಮಾಡಿ ಕರಗಿಸಿ. ಸಮುದ್ರದ ನೀರಿನ ಅಳತೆಪಟ್ಟಿ ಇರುವ ಮೀಟರಿನಲ್ಲಿ ಇದು 35 ಓದಬೇಕು. 36.5 ಓದಿದರೆ ನಿಮ್ಮದು ಬರೀ ಅಡುಗೆ ಉಪ್ಪಿನ ದ್ರಾವಣಕ್ಕೆ ಮಾಡಿದ ಮೀಟರ್ ಇರಬಹುದು. ಆ ದ್ರಾವಣಕ್ಕೇ 35 ಬರುವಂತೆ ಸ್ಕ್ರೂ ತಿರುಗಿಸಿಕೊಳ್ಳಿ.

ಅರ್ಧನೀರು: ಸರಿ, ಈಗ ಕಾಯಲಿ. ಆದರೆ ಮುಗಿದ ಮೇಲೆ ನೀರು ಬದಲಿಸಲೇಬೇಕು, ಅದನ್ನು ಬಿಟ್ಟುಕೊಡಲ್ಲ.

ಹವಳದಿಣ್ಣೆ: ಅದರಲ್ಲಿ ಜಗಳವಿಲ್ಲ. ನೈಟ್ರೈಟ್ ಸೊನ್ನೆಯಾದ ಮೇಲೆ 200 ಲೀಟರಿಗೆ ಅಮೋನಿಯಂ ಕ್ಲೋರೈಡ್ ಸುಮಾರು 1.25 ಗ್ರಾಂ ಹಾಕಿ, 2 ಪಿಪಿಎಂ ಅಮೋನಿಯಾ ಆಗುತ್ತದೆ. 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಇಳಿದು ಸೊನ್ನೆಯಾಗಬೇಕು. ಆಮೇಲೆ ನೈಟ್ರೇಟ್ ಅಳೆಯಿರಿ. ಎಪಿಐ ಕಂಪನಿಯ ಕಿಟ್ ಆದರೆ ಎರಡನೇ ಬಾಟಲಿಯನ್ನು 30 ಸೆಕೆಂಡ್ ಜೋರಾಗಿ ಕುಲುಕಿ, ಹನಿ ಹಾಕಿದ ಮೇಲೆ ಟ್ಯೂಬನ್ನು ಪೂರ್ತಿ ಒಂದು ನಿಮಿಷ. ಕುಲುಕದಿದ್ದರೆ ತಳದಲ್ಲಿ ಕೂತ ಪುಡಿ ಬರುವುದಿಲ್ಲ, ಅಂಕಿ ಸುಳ್ಳೇ ಕಡಿಮೆ ತೋರಿಸುತ್ತದೆ. 40 ಬಂದರೆ ಅರ್ಧ ನೀರು ಬದಲಿಸಿ 20ಕ್ಕೆ ತನ್ನಿ. ಹೊಸ ನೀರನ್ನು ಹಿಂದಿನ ದಿನವೇ ಬಕೆಟಿನಲ್ಲಿ ಪಂಪ್ ಹಾಕಿ ಕಲಸಿಡಿ. ನೀರಿಗೆ ಉಪ್ಪು ಸುರಿಯಬೇಕು, ಉಪ್ಪಿನ ಮೇಲೆ ನೀರಲ್ಲ. ಇಲ್ಲದಿದ್ದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿಯಾಗಿ ಗಟ್ಟಿಕಟ್ಟಿ ತಳ ಹಿಡಿಯುತ್ತದೆ, ಅದು ಮತ್ತೆ ಕರಗದು.