ನನ್ನ ಅಂಗಡಿಯ ಮಶೀನಿನಿಂದ ಪುಸ್ತಕದ ಪಿಡಿಎಫ್ ಹೊರಗೆ ಹೋಗಿದೆ, ಲೇಖಕರಿಗೆ ಯಾವ ಮುಖದಲ್ಲಿ ಹೇಳಲಿ?

ಪ್ರಶ್ನೆ: ಡಿಟಿಪಿ ಅಕ್ಕ, ರಾಣೆಬೆನ್ನೂರು

ಎಲ್ಲರಿಗೂ ನಮಸ್ಕಾರ. 2005ರಿಂದ ರಾಣೆಬೆನ್ನೂರಿನಲ್ಲಿ ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಕರಪತ್ರ, ಬಾಂಡ್ ಪೇಪರ್ ಟೈಪಿಂಗ್, ಇವೇ ಹೊಟ್ಟೆಪಾಡು. ಜೊತೆಗೆ ವರ್ಷಕ್ಕೆ ಆರೇಳು ಪುಸ್ತಕಗಳ ಪುಟವಿನ್ಯಾಸ ಮಾಡಿಕೊಡುತ್ತೇನೆ. ಅದರಲ್ಲಿ ದುಡ್ಡು ಕಡಿಮೆ, ಆದರೆ ಮನಸ್ಸಿಟ್ಟು ಮಾಡುವ ಕೆಲಸ ಅದೊಂದೇ.

ಹೋದ ವರ್ಷ ನಿವೃತ್ತ ಹೈಸ್ಕೂಲ್ ಮಾಸ್ತರರೊಬ್ಬರು ತಮ್ಮ ಕಥೆಗಳನ್ನು ತಂದುಕೊಟ್ಟರು. ಗೆರೆ ಹಾಕಿದ ನೋಟ್‌ಬುಕ್ಕು, ನೀಲಿ ಶಾಯಿ, ದುಂಡಗಿನ ಅಕ್ಷರ. 144 ಪುಟ ಆಯಿತು. ಪೆನ್ಷನ್ ದುಡ್ಡಿನಲ್ಲಿ 500 ಪ್ರತಿ ಹಾಕಿಸಿದರು. ಮೂರು ಪ್ರೂಫ್ ನೋಡಿದರು. ಮೂರನೆಯದಕ್ಕೆ ನನ್ನ ಪಕ್ಕದಲ್ಲೇ ಸ್ಟೂಲ್ ಎಳೆದುಕೊಂಡು ಕೂತು, ಒಂದೊಂದು ಅಲ್ಪವಿರಾಮವನ್ನೂ ಬೆರಳಿಟ್ಟು ತೋರಿಸಿ ತಿದ್ದಿಸಿದರು.

ಕಳೆದ ವಾರ ಒಂದು ಮೊಬೈಲ್ ಗುಂಪಿನಲ್ಲಿ, ಪುಕ್ಕಟೆ ಕನ್ನಡ ಪುಸ್ತಕ ಹಂಚುವ ಗುಂಪಂತೆ ಅದು, ಅದೇ ಪುಸ್ತಕ ಕಣ್ಣಿಗೆ ಬಿತ್ತು. ತೆರೆದೆ. ಸ್ಕ್ಯಾನ್ ಮಾಡಿದ್ದಲ್ಲ. ಎರಡನೇ ಪುಟದಲ್ಲಿ ‘ಐಎಸ್‌ಬಿಎನ್’ ಅಂತಿದೆ, ಮುಂದೆ ಖಾಲಿ. ಪುಸ್ತಕದ ಆ ಗುರುತಿನ ನಂಬರು ಕೈಗೆ ಬಂದದ್ದು ಮೂರನೇ ಪ್ರೂಫಿನ ಹೊತ್ತಿಗೆ. 61ನೇ ಪುಟದಲ್ಲಿ ಒಂದು ಸಾಲು ಎರಡು ಸಲ ಬಂದಿದೆ. ಮಾಸ್ತರರು ಅದನ್ನು ಕೆಂಪು ಪೆನ್ನಿನಿಂದ ಹೊಡೆದುಹಾಕಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಅಂದರೆ ಇದು ಎರಡನೇ ಪ್ರೂಫಿನ ಫೈಲು. ಅದು ಇದ್ದದ್ದು ನನ್ನ ಅಂಗಡಿಯ ಎರಡನೇ ಮಶೀನಿನ ಡಿ ಡ್ರೈವಿನಲ್ಲಿ ಮಾತ್ರ.

ಸಂಜೆ ಹೊತ್ತು ಕೆಲಸಕ್ಕೆ ಬರುವ ಹುಡುಗನೊಬ್ಬ ಇದ್ದಾನೆ, ಬಿ.ಎ. ಓದುತ್ತಿದ್ದಾನೆ. ಕೇಳಿದೆ. ಅವನು ಮುಚ್ಚಿಡಲಿಲ್ಲ. “ಹೌದ್ರೀ ಅಕ್ಕಾರ, ನಾನ ಹಾಕೀನಿ. ಸರ್ ಪುಸ್ತಕ ಯಾ ಅಂಗಡ್ಯಾಗೂ ಸಿಗವಲ್ದು. ನಾಕ್ ಮಂದಿ ಓದ್ಲಿ ಅಂತ ಹಾಕಿದ್ನಿ. ಒಂದ್ ರೂಪಾಯಿ ತಗೊಂಡಿಲ್ರೀ” ಅಂದ. ಇದು ಕಳವಲ್ಲೇನೋ ಅಂತ ಜೋರು ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮೆಲ್ಲಗೆ ಹೇಳಿದ: “ಸಿಟ್ಟಾಗಬ್ಯಾಡ್ರಿ. ನಾವು ದಿನಾ ಕೆಲಸ ಮಾಡೋ ಪೇಜ್‌ಮೇಕರ್ ಯಾರಿಗೆ ರೊಕ್ಕ ಕೊಟ್ಟು ತಂದೀವ್ರಿ?”

ನನ್ನ ಬಾಯಿ ಕಟ್ಟಿಹೋಯಿತು. ಪೇಜ್‌ಮೇಕರ್ ಅಂದರೆ ನಾವು ಪುಟ ಕಟ್ಟುವ ತಂತ್ರಾಂಶ. 2005ರಲ್ಲಿ ಮಶೀನ್ ಜೋಡಿಸಿಕೊಟ್ಟವರೇ ಸಿಡಿಯಿಂದ ಎಲ್ಲಾ ಹಾಕಿಕೊಟ್ಟಿದ್ದರು. ಪೇಜ್‌ಮೇಕರ್, ಫೋಟೋಶಾಪ್, ಕೋರೆಲ್‌ಡ್ರಾ, ಅದರ ಮೇಲೆ ನಾನೂರು ಫಾಂಟು. ಮಶೀನಿನ ಬೆಲೆಯಲ್ಲೇ ಅದೂ ಸೇರಿದೆ ಅಂತ ತಿಳಿದಿದ್ದೆ. ಹಾಗಲ್ಲ ಅಂತ ಗೊತ್ತಾದ ಮೇಲೂ ಹತ್ತು ವರ್ಷ ಸುಮ್ಮನಿದ್ದೆ. ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಮಾಸ್ತರರಿಗೆ ಇನ್ನೂ ಗೊತ್ತಿಲ್ಲ. ಅವರು ಮೊಬೈಲಿನಲ್ಲಿ ಗುಂಪು ಗಿಂಪು ನೋಡುವವರಲ್ಲ. ಹೇಳದೆ ಇದ್ದರೆ ಬಹುಶಃ ಗೊತ್ತಾಗುವುದೂ ಇಲ್ಲ, ಮತ್ತೆ ನನಗೆ ನಿದ್ದೆ ಹತ್ತದಿರುವುದೂ ಅದಕ್ಕೇ. ಆ ಗುಂಪಿನಿಂದ ಫೈಲು ತೆಗೆಸಲು ನಾನೇ ದೂರು ಕೊಡಬಹುದೇ? ಟೈಪ್ ಮಾಡಿದ್ದು, ಪುಟ ಕಟ್ಟಿದ್ದು ನಾನು, ಹಾಗಂತ ಆ ಫೈಲಿನ ಮೇಲೆ ನನಗೇನಾದರೂ ಹಕ್ಕಿದೆಯೇ? ಮತ್ತೆ ಆ ಹುಡುಗನ ಪ್ರಶ್ನೆಗೆ ಏನು ಉತ್ತರ ಕೊಡಲಿ?

ಉತ್ತರ: ಪ್ರಕಾಶಕ, ಸಾಗರ

ಮೇಡಂ, ಇವತ್ತೇ ಹೋಗಿ ಹೇಳಿ. ಫೋನಿನಲ್ಲಿ ಬೇಡ, ಮನೆಗೇ ಹೋಗಿ.

ನಾನು ವರ್ಷಕ್ಕೆ ಹತ್ತು ಪುಸ್ತಕ ತರುವವನು. ಹುಡುಗ ಹೇಳಿದ್ದರಲ್ಲಿ ಅರ್ಧ ನಿಜವಿದೆ. 500 ಪ್ರತಿ ಹಾಕಿದ ಪುಸ್ತಕ ಅಂಗಡಿ ತಲುಪುವುದಿಲ್ಲ. ನೂರು ಗೌರವ ಪ್ರತಿ ಹೋಗುತ್ತದೆ, ಗ್ರಂಥಾಲಯ ಖರೀದಿಗೆ ಕಾಯುತ್ತಾ ಉಳಿದದ್ದು ಮಂಚದ ಕೆಳಗೆ ಕೂರುತ್ತದೆ. ನಾಲ್ಕು ಜನ ಓದಲಿ ಅನ್ನುವ ಆಸೆ ಲೇಖಕರಿಗೂ ಇರುತ್ತದೆ. ಆದರೆ ಹಾಗೆ ಬಿಟ್ಟುಕೊಡುವ ತೀರ್ಮಾನ ಅವರದು. ಕಾದಂಬರಿಕಾರ ನಿರಂಜನರ ಪುಸ್ತಕಗಳನ್ನು ಹಕ್ಕುದಾರರೇ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟರು, ಯಾರು ಬೇಕಾದರೂ ಓದಬಹುದು, ಹಂಚಬಹುದು. ಕೊಟ್ಟವರು ಯಾರು, ಯಾವ ಷರತ್ತಿನ ಮೇಲೆ ಅನ್ನುವುದು ಅಲ್ಲಿ ಸ್ಪಷ್ಟ. ನಿಮ್ಮ ಮಾಸ್ತರರನ್ನು ಯಾರೂ ಕೇಳಲೇ ಇಲ್ಲ.

ಉತ್ತರ: ವಕೀಲ, ಧಾರವಾಡ

ನಿಮ್ಮ ಮೂರೂ ಪ್ರಶ್ನೆಗಳಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೇ ಉತ್ತರವಿದೆ.

ಕಥೆ ಬರೆದವರೇ ಮೊದಲ ಹಕ್ಕುದಾರರು, ಸೆಕ್ಷನ್ 17. ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ, ಎಲ್ಲೂ ನೋಂದಾಯಿಸಬೇಕಿಲ್ಲ. ಅವರ ಜೀವಿತಾವಧಿಗೂ ಆಮೇಲೆ 60 ವರ್ಷಕ್ಕೂ ಅದು ಇರುತ್ತದೆ. ನೀವು ಟೈಪ್ ಮಾಡಿದ್ದಕ್ಕೆ ಕೂಲಿ ಸಿಕ್ಕಿದೆ, ಕಥೆಯ ಮೇಲೆ ಹಕ್ಕು ಹುಟ್ಟಿಲ್ಲ. ಪುಟ ಕಟ್ಟಿದ ಮೂಲ ಫೈಲನ್ನು ಲೇಖಕರಿಗೆ ಕೊಡಬೇಕೇ, ನಿಮ್ಮ ಹತ್ತಿರ ಎಷ್ಟು ದಿನ ಇಟ್ಟುಕೊಳ್ಳಬಹುದು ಅನ್ನುವುದು ನಿಮ್ಮಿಬ್ಬರ ಮಾತುಕತೆಗೆ ಬಿಟ್ಟದ್ದು. ಆ ಮಾತನ್ನು ಯಾರೂ ಆಡುವುದೇ ಇಲ್ಲ. ಇನ್ನು ಮುಂದೆ ಬಿಲ್ಲಿನ ಕೆಳಗೆ ಒಂದು ಸಾಲು ಬರೆದು ಇಬ್ಬರೂ ಸಹಿ ಹಾಕಿ.

ಫೈಲು ತೆಗೆಸುವ ವಿಚಾರ. ಸೆಕ್ಷನ್ 52(1)(ಸಿ) ಮತ್ತು 2013ರ ನಿಯಮಗಳ 75ನೇ ನಿಯಮದಲ್ಲಿ ಇಂಥ ದೂರಿನ ದಾರಿ ಇದೆ. ಲಿಖಿತ ದೂರು ಮುಟ್ಟಿದ ಮೇಲೆ ದೂರು ಸರಿ ಅನ್ನಿಸಿದರೆ ಆ ಗುಂಪು ಇರುವ ಆ್ಯಪಿನ ಕಂಪನಿಯವರು 36 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕು, 21 ದಿನ ಅದು ಸಿಗದಂತೆ ತಡೆಯಬೇಕು. ಅಷ್ಟರೊಳಗೆ ಕೋರ್ಟಿನ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ಆದರೆ ಗಮನಿಸಿ, ದೂರು ಕೊಡಬೇಕಾದವರು ಹಕ್ಕುದಾರರು. ಮಾಸ್ತರರಿಗೆ ತಿಳಿಸದೆ ಈ ದಾರಿಯಲ್ಲಿ ನೀವು ಒಂದು ಹೆಜ್ಜೆಯೂ ಇಡಲಾರಿರಿ. ಗುಂಪು ನಡೆಸುವವರು ಯಾರೆಂದು ತಿಳಿಯದು ಅಂತ ಕೈಚೆಲ್ಲಬೇಕಿಲ್ಲ. 2022ರ ಆಗಸ್ಟಿನಲ್ಲಿ ದೆಹಲಿ ಹೈಕೋರ್ಟು ಕೋಚಿಂಗ್ ಶಿಕ್ಷಕಿಯೊಬ್ಬರ ಪಾಠಗಳನ್ನು ಕದ್ದು ಹಂಚಿದ ಚಾನೆಲ್‌ಗಳ ವಿವರ ಕೊಡಿ ಅಂತ ಟೆಲಿಗ್ರಾಂಗೆ ಆದೇಶಿಸಿತು. ನಮ್ಮ ಸರ್ವರ್ ಸಿಂಗಪುರದಲ್ಲಿದೆ ಅನ್ನುವ ವಾದ ಅಲ್ಲಿ ನಡೆಯಲಿಲ್ಲ.

ಇನ್ನು ಹುಡುಗನ ಪ್ರಶ್ನೆ. ಕಾಯ್ದೆಯಲ್ಲಿ ‘ಸಾಹಿತ್ಯ ಕೃತಿ’ ಅನ್ನುವ ಪದಕ್ಕೆ ಕೊಟ್ಟ ಅರ್ಥದೊಳಗೆ ಗಣಕ ಪ್ರೋಗ್ರಾಮೂ ಸೇರಿದೆ. ಮಾಸ್ತರರ ಕಥೆ, ನಿಮ್ಮ ಪೇಜ್‌ಮೇಕರ್ ಎರಡೂ ಅಲ್ಲಿ ಒಂದೇ ಪಂಕ್ತಿ. ಸೆಕ್ಷನ್ 63ಬಿ ನೇರವಾಗಿ ನಿಮ್ಮಂಥವರಿಗೇ ಬರೆದದ್ದು: ನಕಲಿ ಪ್ರತಿ ಅಂತ ತಿಳಿದೂ ಗಣಕದಲ್ಲಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸದವರಿಗೆ ಸೆರೆ ತಪ್ಪಿಸುವ ಅವಕಾಶ ನ್ಯಾಯಾಲಯಕ್ಕಿದೆ. ನಿಮ್ಮದು ಅಂಗಡಿ, ಆ ವಿನಾಯಿತಿ ನೆಚ್ಚಿಕೊಳ್ಳಬೇಡಿ. ಹೆದರಿಸಲು ಹೇಳುತ್ತಿಲ್ಲ. ತಿಳಿದೂ ಸುಮ್ಮನಿದ್ದೆ ಅಂತ ನೀವೇ ಬರೆದಿದ್ದೀರಿ, ಅದಕ್ಕೆ ಹೇಳಿದೆ.

ಉತ್ತರ: ನಾನೂ ಡಿಟಿಪಿ, ಹುಬ್ಬಳ್ಳಿ

ವಕೀಲ ಸರ್ ಹೇಳಿದ್ದು ಕಾನೂನಿನ ಪ್ರಕಾರ ಸರಿ ಇರಬಹುದು, ಆದರೆ ಎರಡೂ ಒಂದೇ ಅಂದರೆ ನನಗೆ ಒಪ್ಪಿಗೆ ಇಲ್ರೀ. ಮಾಸ್ತರರು ಪೆನ್ಷನ್ ಹಾಕಿ ಪುಸ್ತಕ ತಂದವರು. ಕಂಪನಿಗೆ ನಮ್ಮಿಂದ ಏನು ಕಮ್ಮಿ ಆಗಿದೆ? ಇನ್ನೊಂದು ಮಾತು, ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಇವತ್ತು ಪ್ರಾಮಾಣಿಕವಾಗಿ ಕೊಳ್ಳುತ್ತೇನೆ ಅಂದರೂ ಅದನ್ನು ಮಾಡಿದ ಕಂಪನಿ ಮಾರುವುದಿಲ್ಲ. ಹೊಸದಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು. ನಮ್ಮ ಹಳೆ ಫೈಲೆಲ್ಲಾ ಯೂನಿಕೋಡ್ (ಎಲ್ಲಾ ಗಣಕಕ್ಕೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿವೆ. ಲಗ್ನಪತ್ರಿಕೆ ಮಾಡಿ ಬದುಕುವವರು ಏನು ಮಾಡಬೇಕು, ಅದನ್ನೂ ಯಾರಾದರೂ ಹೇಳಿ.

ಉತ್ತರ: ಅಕ್ಷರ ವಿನ್ಯಾಸಕಿ, ಬೆಂಗಳೂರು

ಹುಬ್ಬಳ್ಳಿಯವರೇ, ನಿಮ್ಮ ಕಷ್ಟ ನಿಜವಾದದ್ದು. ಆದರೆ ಆ ಸಿಡಿಯಲ್ಲಿದ್ದ ನಾನೂರು ಫಾಂಟಿನ ಹಿಂದೆ ದೊಡ್ಡ ಕಂಪನಿ ಇರಲಿಲ್ಲ ಅಂತ ನೆನಪಿಸಬೇಕು.

ಒಂದು ಕನ್ನಡ ಫಾಂಟಿನಲ್ಲಿ ಸ್ವರ, ವ್ಯಂಜನ ಬರೆದರೆ ಕೆಲಸ ಮುಗಿಯುವುದಿಲ್ಲ. ಪ್ರತಿ ವ್ಯಂಜನದ ಗುಣಿತ, ಪ್ರತಿಯೊಂದರ ಒತ್ತು, ಅರ್ಕಾವೊತ್ತು, ಕ್ಷ ಜ್ಞಗಳ ಪ್ರತ್ಯೇಕ ರೂಪ, ತಲೆಕಟ್ಟಿನ ದಪ್ಪ, ಒತ್ತಿನ ಬಾಲ ಕೆಳಗಿನ ಸಾಲಿಗೆ ಮುಟ್ಟದ ಹಾಗೆ ಅಳತೆ. ನೂರಾರು ಆಕೃತಿ ಬರೆದು, ಒಂದರ ಪಕ್ಕ ಒಂದಿಟ್ಟು ನೋಡಿ, ಮತ್ತೆ ಅಳಿಸಿ ಬರೆಯುತ್ತೇವೆ. ನಾನು ಎರಡು ವರ್ಷ ಕೂತು ಮಾಡಿದ ಫಾಂಟು, ಹೆಸರು ಬದಲಾಯಿಸಿಕೊಂಡು ಒಂದು ಸಿಡಿ ಸಂಗ್ರಹದಲ್ಲಿ ಸಿಕ್ಕಿತ್ತು. ‘ಳ’ದ ಕೊನೆಯ ಸುಳಿಯಲ್ಲಿ ನಾನೇ ಮಾಡಿದ ಒಂದು ತಪ್ಪಿತ್ತು, ಅದರಿಂದ ಗುರುತು ಹಿಡಿದೆ. ರಾಣೆಬೆನ್ನೂರಿನ ಅಕ್ಕ 61ನೇ ಪುಟದಿಂದ ಗುರುತಿಸಿದರಲ್ಲ, ಅದನ್ನು ಓದುವಾಗ ಮೈ ಜುಮ್ಮೆಂದಿತು.

ಕನ್ನಡದ ಗಣಕ ಕೆಲಸದಲ್ಲಿ ಕೊಟ್ಟವರೂ ಇದ್ದಾರೆ. ನೀವು ದಿನಾ ಒತ್ತುವ ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ಅವರದು. ಅದನ್ನು ಅವರು ಮುಕ್ತವಾಗಿ ಬಿಟ್ಟುಕೊಟ್ಟರು, ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವ ನಾವೆಲ್ಲ ಅದರ ಮೇಲೇ ಬೆರಳಾಡಿಸುತ್ತೇವೆ. ಬಿಟ್ಟುಕೊಟ್ಟದ್ದು ಇಷ್ಟಿರುವಾಗ ಕದ್ದದ್ದರ ಹಂಗೇಕೆ ಅನ್ನುವುದೇ ನನ್ನ ಮಾತು. ನೋಟೋ, ಲೋಹಿತ್, ಬಾಲೂ ತಮ್ಮ, ಇವು ಓಪನ್ ಫಾಂಟ್ ಲೈಸೆನ್ಸಿನಲ್ಲಿವೆ. ಪುಸ್ತಕ, ಬ್ಯಾನರು, ಲಗ್ನಪತ್ರಿಕೆ, ದುಡ್ಡು ತೆಗೆದುಕೊಂಡು ಮಾಡುವ ಯಾವ ಕೆಲಸಕ್ಕೂ ಬಳಸಬಹುದು. ತಿದ್ದಬಹುದು, ಹಂಚಬಹುದು. ಬರೀ ಫಾಂಟನ್ನೇ ಮಾರುವಂತಿಲ್ಲ.

ಪುಟವಿನ್ಯಾಸಕ್ಕೆ ಸ್ಕ್ರೈಬಸ್ ಅನ್ನುವ ಮುಕ್ತ ತಂತ್ರಾಂಶ ನೋಡಿ. 1.5.3ನೇ ಆವೃತ್ತಿಯಿಂದ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ, ಹಳೆಯದನ್ನು ಹಾಕಿಕೊಂಡು ಕನ್ನಡ ಬರುವುದಿಲ್ಲ ಅನ್ನಬೇಡಿ. ಫೋಟೋಶಾಪಿಗೆ ಬದಲು ಗಿಂಪ್, ಕೋರೆಲ್‌ಗೆ ಬದಲು ಇಂಕ್‌ಸ್ಕೇಪ್. ಮೊದಲ ಎರಡು ತಿಂಗಳು ಕೈ ತಡವರಿಸುತ್ತದೆ. ಹಳೆ ಫೈಲಿನ ಪಠ್ಯವನ್ನು ಯೂನಿಕೋಡಿಗೆ ಬದಲಾಯಿಸಿದ ಮೇಲೆ ಅರ್ಕಾವೊತ್ತು ಇರುವ ಕಡೆ, ಒತ್ತಿನ ಮೇಲೆ ಒತ್ತು ಬರುವ ಕಡೆ ಕಣ್ಣಿಟ್ಟು ಓದಲೇಬೇಕು.

ಮತ್ತೆ ಡಿಟಿಪಿ ಅಕ್ಕ, ರಾಣೆಬೆನ್ನೂರು (ಹನ್ನೆರಡು ದಿನಗಳ ನಂತರ)

ಎಲ್ಲರಿಗೂ ಕೃತಜ್ಞತೆ. ಭಾನುವಾರ ಬೆಳಿಗ್ಗೆ ಮಾಸ್ತರರ ಮನೆಗೆ ಹೋದೆ. ನಾನೂ ಬರ್ತೀನ್ರಿ ಅಂತ ಹುಡುಗ ತಾನಾಗಿಯೇ ಜೊತೆಗೆ ಬಂದ.

ಅವರಿಗೆ ಸಿಟ್ಟು ಬರುತ್ತದೆ, ನಷ್ಟದ ಮಾತು ಬರುತ್ತದೆ ಅಂದುಕೊಂಡಿದ್ದೆ. ಮೊಬೈಲಿನಲ್ಲಿ ಪಿಡಿಎಫ್ ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ಸರಿಸುತ್ತಾ ಹೋದರು. 61ಕ್ಕೆ ಬಂದು ನಿಂತರು. “ಇದು ತಿದ್ದಿದ್ದಲ್ಲ” ಅಂದರು. ಆಮೇಲೆ ಮತ್ತೊಂದು ಕಥೆಗೆ ಹೋದರು. ಅದರ ಕೊನೆಯ ಪ್ಯಾರಾ ಮೂರನೇ ಪ್ರೂಫಿನಲ್ಲಿ ಪೂರ್ತಿ ಬದಲಾಯಿಸಿದ್ದರು, ಸ್ಟೂಲಿನ ಮೇಲೆ ಕೂತು ಬರೆಸಿದ್ದು ಅದನ್ನೇ. “ಈ ಕಥಿ ಹಿಂಗ ಮುಗಿಯೂದಿಲ್ಲವಾ. ನಾ ಹಿಂಗ ಬರದೀನಿ ಅಂತ ಓದಿದವ್ರು ತಿಳ್ಕೋತಾರಲ್ಲ” ಅಂದರು. ದುಡ್ಡಿನ ಮಾತೇ ಎತ್ತಲಿಲ್ಲ. ಹುಡುಗ ಅಳುವುದೊಂದು ಬಾಕಿ. ನಾಲ್ಕು ಜನ ಓದಲಿ ಅಂತ ಹಾಕಿದವನು, ಅವರು ಬರೆಯದೇ ಇದ್ದ ಕಥೆಯನ್ನು ಅವರ ಹೆಸರಿನಲ್ಲಿ ಹಂಚಿದ್ದ. ಇದು ನನಗೂ ಅಲ್ಲಿಯತನಕ ಹೊಳೆದಿರಲಿಲ್ಲ, ನಾನು ಬರೀ ಪ್ರತಿಗಳ ಲೆಕ್ಕ ಹಾಕುತ್ತಿದ್ದೆ.

ದೂರನ್ನು ಮಾಸ್ತರರೇ ಕೈಯಲ್ಲಿ ಬರೆದರು. ಇಂಗ್ಲಿಷಿನ ಪ್ರತಿ ನಾನು ಟೈಪ್ ಮಾಡಿದೆ, ಹುಡುಗ ಕಳಿಸಿದ. ಆ ಗುಂಪಿನಿಂದ ಫೈಲು ಹೋಗಿದೆ. ಬೇರೆಲ್ಲೂ ಇಲ್ಲ ಅಂತ ಹೇಳುವ ಧೈರ್ಯ ನನಗಿಲ್ಲ. ಮಾಸ್ತರರು ಇನ್ನೂ ಯೋಚನೆ ಮಾಡುತ್ತಿದ್ದಾರೆ. ತಿದ್ದಿದ ಪ್ರತಿಯ ಒಂದೆರಡು ಕಥೆಗಳನ್ನು ತಾವೇ ಪುಕ್ಕಟೆ ಬಿಡೋಣವೇ ಅಂತ ಸಾಗರದವರ ಮಾತು ಕೇಳಿ ಅವರಿಗೆ ಅನ್ನಿಸಿದೆ.

ನನ್ನ ತಪ್ಪನ್ನೂ ಅಲ್ಲೇ ಹೇಳಿದೆ, ನಿಮ್ಮ ಪುಸ್ತಕ ಕಟ್ಟಿದ ತಂತ್ರಾಂಶವೇ ಕದ್ದದ್ದು ಅಂತ. ಅವರು ಏನೂ ಅನ್ನಲಿಲ್ಲ. ಅದಕ್ಕೆ ಉತ್ತರ ಕೊಡಬೇಕಾದವಳು ನಾನೇ. ಎರಡನೇ ಮಶೀನಿನಿಂದ ಎಲ್ಲಾ ತೆಗೆದುಹಾಕಿ ಸ್ಕ್ರೈಬಸ್, ಗಿಂಪ್, ಇಂಕ್‌ಸ್ಕೇಪ್ ಹಾಕಿದ್ದೇವೆ. ಮೊದಲನೆಯದರಲ್ಲಿ ಒಪ್ಪಿಕೊಂಡ ಕೆಲಸ ಇನ್ನೂ ಇದೆ, ಶ್ರಾವಣ ಮುಗಿಯುವುದರೊಳಗೆ ಅದೂ ಖಾಲಿ ಮಾಡುತ್ತೇನೆ. ಗಿರಾಕಿಗಳ ಫೈಲಿನ ಫೋಲ್ಡರಿಗೆ ಪಾಸ್‌ವರ್ಡ್ ಹಾಕಿದ್ದೇನೆ, ಬಿಲ್ಲಿನ ಕೆಳಗೆ ವಕೀಲರು ಹೇಳಿದ ಸಾಲೂ ಬಂತು: ಮುದ್ರಣವಾಗಿ ಮೂರು ತಿಂಗಳಿಗೆ ಫೈಲು ಲೇಖಕರ ಕೈಗೆ, ನನ್ನಲ್ಲಿ ಪ್ರತಿ ಉಳಿಯುವುದಿಲ್ಲ.

ಹುಬ್ಬಳ್ಳಿ ಅಣ್ಣಾರ, ನೀವೂ ಹಾಕಿ ನೋಡಿ, ಸಿಕ್ಕಿಹಾಕಿಕೊಂಡರೆ ಇಬ್ಬರೂ ಕೂಡಿ ಕಲಿಯೋಣ. ವಿನ್ಯಾಸಕಿ ಮೇಡಂ, ಒಂದು ಸಂದೇಹ: ಡೆಮಿ ಅಳತೆಯ ಪುಟಕ್ಕೆ ನೋಟೋ ಸೆರಿಫ್ 11 ಪಾಯಿಂಟ್ ಇಟ್ಟರೆ ‘ಸ್ತ್ರೀ’, ‘ರಾಷ್ಟ್ರ’ ಬಂದ ಕಡೆ ಕೆಳಗಿನ ಸಾಲಿಗೆ ತಾಗುತ್ತಿದೆ. ಸಾಲಿನ ಅಂತರ 17ಕ್ಕೆ ಏರಿಸಲೋ, ಅಕ್ಷರವನ್ನೇ ಅರ್ಧ ಪಾಯಿಂಟ್ ಇಳಿಸಲೋ?