ಪದಚರ್ಚೆ: ಟ್ರೈಲರಿನ ‘ಟಂಗ್ ವೇಟ್’ಗೆ ಮುಂಭಾರ ಅನ್ನಬಹುದೇ?

ಪ್ರಶ್ನೆ (ತೀರ್ಥಹಳ್ಳಿಯಿಂದ)

ಎಲ್ಲರಿಗೂ ನಮಸ್ಕಾರ. ಜೀಪು, ಎಸ್‌ಯುವಿಗಳ ಹಿಂದೆ ಕಟ್ಟುವ ಎರಡು ಗಾಲಿಯ ಸಣ್ಣ ಟ್ರೈಲರಿಗೆ ಕನ್ನಡದಲ್ಲಿ ಬಳಕೆಯ ಕೈಪಿಡಿ ಸಿದ್ಧವಾಗುತ್ತಿದೆ. ಓದುವವರು ತೋಟದವರು, ಗೊಬ್ಬರ, ಅಡಿಕೆ, ಸಸಿ, ಔಷಧಿ ಡ್ರಮ್ಮು ಸಾಗಿಸುವವರು. ಟ್ರೈಲರ್, ಬ್ರೇಕ್, ಗೇರ್ ಎಂಬ ಮಾತುಗಳನ್ನು ಹಾಗೆಯೇ ಇಟ್ಟಿದ್ದೇನೆ. ತೊಡಕಾಗಿರುವುದು ಬೇರೆ ಕಡೆ.

ಟ್ರೈಲರಿನ ಮೂತಿ ಕಾರಿನ ಕೊಂಡಿಯ ಮೇಲೆ ಊರುವ ಭಾರಕ್ಕೆ ‘ಟಂಗ್ ವೇಟ್’ ಅನ್ನುತ್ತಾರೆ. ಕರಡಿನಲ್ಲಿ ಅದು ‘ನಾಲಿಗೆ ತೂಕ’ ಆಗಿದೆ, ನನಗೆ ಸಮಾಧಾನವಿಲ್ಲ. ಎತ್ತಿನಗಾಡಿಗೆ ಹೇಳುವ ಮುಂಭಾರ ಇಲ್ಲಿ ಹೊಂದೀತೇ? ಟ್ರೈಲರ್ ಅತ್ತಿತ್ತ ಬೀಸುವುದಕ್ಕೆ ‘ಓಲಾಟ’ ಸಾಕೇ? ಕಾರೂ ಟ್ರೈಲರೂ ಕೊಂಡಿಯ ಹತ್ತಿರ ಮಡಚಿಕೊಳ್ಳುವುದಕ್ಕೆ ಏನನ್ನಬೇಕು? ‘ಟೋ ಮಾಡುವುದು’ ಎಂದೇ ಬರೆದರೆ ತಪ್ಪೇ? ಗಾಡಿ ಓಡಿಸಿ ಗೊತ್ತಿದ್ದವರು ಹೇಳಬೇಕು.

ಉತ್ತರ (ಸಾಗರದಿಂದ)

ನಮಸ್ಕಾರ ಸರ್. ಮುಂಭಾರವೇ ಸರಿ, ಹಿಂಜರಿಯದೆ ಬರೆಯಿರಿ. ಆಡುವಾಗ ಮುಂಬಾರ ಎಂದು ಕೇಳುತ್ತದೆ, ಬರಹದಲ್ಲಿ ಮುಂಭಾರ ಇರಲಿ. ಅದರ ಜೋಡಿ ಹಿಂಭಾರ. ‘ನಾಲಿಗೆ ತೂಕ’ ಎಂದರೆ ಮುಂದೆ ಚಾಚಿದ ಕಬ್ಬಿಣದ ಮೂಕಿಯ ತೂಕ ಎಂದುಕೊಳ್ಳುತ್ತಾರೆ, ಅದು ಎಂದೂ ಬದಲಾಗದ ಅಂಕಿ ಎಂದು ನಂಬಿಬಿಡುತ್ತಾರೆ. ಆದರೆ ಪ್ರತಿ ಸಲ ಹೇರಿದಾಗಲೂ ಅದು ಬೇರೆಯಾಗುತ್ತದೆ. ಗಾಡಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂಭಾರ ಹೆಚ್ಚಿದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಗಂಟಲಿಗೆ ಬರುತ್ತದೆ. ಏರಿನಲ್ಲಿ ಹೊಡೆಯುವವನು ಮೂಕಿಯ ಕಡೆಗೆ ಸರಿದು ಕೂರುವುದು ಈ ಲೆಕ್ಕಕ್ಕೇ.

ಒಂದು ವ್ಯತ್ಯಾಸವನ್ನು ಮಾತ್ರ ಕೈಪಿಡಿಯಲ್ಲಿ ಎದ್ದು ಕಾಣುವಂತೆ ಹೇಳಬೇಕು. ಎತ್ತಿನ ಗಾಡಿಯಲ್ಲಿ ಮುಂಭಾರ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಕಾರಿನ ಹಿಂದೆ ಹಾಗಲ್ಲ, ಅಲ್ಲಿ ಮುಂಭಾರ ಇರಲೇಬೇಕು. ಹೇರಿದ ಟ್ರೈಲರಿನ ಒಟ್ಟು ತೂಕದ ಶೇ. 10ರಿಂದ 15 ಎಂಬುದು ಅಮೆರಿಕದ ರೂಢಿ. ಯುರೋಪಿನಲ್ಲಿ ಇನ್ನೂ ಕಡಿಮೆ ಇಟ್ಟು, ಕೊಂಡಿಯ ಫಲಕದ ಮೇಲೆ ಕೆಜಿಯಲ್ಲಿ ಮಿತಿ ಬರೆದಿರುತ್ತಾರೆ. ಫಲಕದಲ್ಲಿ 75 ಎಂದಿದ್ದರೆ ಶೇಕಡಾ ಲೆಕ್ಕ ಏನೇ ಹೇಳಲಿ, 75 ದಾಟಬಾರದು. ಕಾರು ಹೊರಬಹುದಾದ ಭಾರದಲ್ಲಿ ಈ ಮುಂಭಾರವೂ ಸೇರಿತು. ಮುಂಭಾರ 60 ಕೆಜಿ ಇದ್ದರೆ ಹಿಂದಿನ ಸೀಟಿನಲ್ಲಿ ಒಬ್ಬರು ಕಡಿಮೆ ಕೂರಬೇಕು.

ಪದದ ಜೊತೆಗೆ ಈ ಲೆಕ್ಕವನ್ನೂ ಕೊಡಿ, ಒಮ್ಮೆ ಓದಿದವರು ಮರೆಯುವುದಿಲ್ಲ. ಟ್ರೈಲರಿನ ಖಾಲಿ ತೂಕ 200 ಕೆಜಿ, ಖಾಲಿಯಿದ್ದಾಗ ಮುಂಭಾರ 20 ಕೆಜಿ, ಗಾಲಿಯ ಅಚ್ಚಿನಿಂದ ಕೊಂಡಿಗೆ 2.5 ಮೀಟರ್ ಎಂದಿಟ್ಟುಕೊಳ್ಳಿ. 50 ಕೆಜಿಯ 8 ಡಿಎಪಿ ಗೊಬ್ಬರದ ಚೀಲ ಹೇರಿದರೆ ಸರಕು 400 ಕೆಜಿ. ಚೀಲದ ರಾಶಿಯ ನಡುಮಧ್ಯ ಅಚ್ಚಿಗಿಂತ 25 ಸೆಂ.ಮೀ. ಮುಂದೆ ಬಿದ್ದರೆ, 400ನ್ನು 0.25ರಿಂದ ಗುಣಿಸಿ 2.5ರಿಂದ ಭಾಗಿಸಿ: 40 ಕೆಜಿ. ಹಳೆಯ 20 ಸೇರಿಸಿ 60. ಒಟ್ಟು 600ರಲ್ಲಿ ಹತ್ತನೇ ಒಂದು ಪಾಲು, ಸರಿಯಾಯಿತು. ಅವೇ 8 ಚೀಲ ಅಚ್ಚಿಗಿಂತ 25 ಸೆಂ.ಮೀ. ಹಿಂದೆ ಬಿದ್ದರೆ 20ರಲ್ಲಿ 40 ಕಳೆಯಬೇಕು. ಮೂಕಿ ಕಾರಿನ ಹಿಂಭಾಗವನ್ನು 20 ಕೆಜಿಯಷ್ಟು ಮೇಲಕ್ಕೆತ್ತುತ್ತಿರುತ್ತದೆ. ಸರಕು ಸರಿದದ್ದು ಬರೀ ಅರ್ಧ ಮೀಟರ್.

ತೂಗುವುದೂ ಕಷ್ಟವಲ್ಲ. ಅಡಿಕೆ ಚೀಲ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿ ಹೆಚ್ಚಿನ ಮನೆಗಳಲ್ಲಿ ಇದೆ. ಸಮತಟ್ಟಾದ ಅಂಗಳದಲ್ಲಿ ಟ್ರೈಲರ್ ನಿಲ್ಲಿಸಿ, ಎರಡೂ ಗಾಲಿಗೆ ಮುಂದೆ ಹಿಂದೆ ಕಲ್ಲು ಕೊಟ್ಟು, ಮೂಕಿಯ ತುದಿಯನ್ನು ಮರದ ತುಂಡಿನ ಮೇಲೆ ಊರಿ ತಕ್ಕಡಿಗೆ ಇಡಬೇಕು. ಕಾರಿನ ಕೊಂಡಿ ನೆಲದಿಂದ 45 ಸೆಂ.ಮೀ., ತಕ್ಕಡಿಯ ಹಲಗೆ 10 ಸೆಂ.ಮೀ. ಇದ್ದರೆ ಮರದ ತುಂಡು 35 ಸೆಂ.ಮೀ. ಮೂಕಿ ಅದಕ್ಕಿಂತ ತಗ್ಗಿದರೆ ತೂಕ ಹೆಚ್ಚು ತೋರಿಸುತ್ತದೆ, ಎದ್ದರೆ ಕಡಿಮೆ.

ಮುಂಭಾರ ವಿಪರೀತವಾದರೂ ಕೆಡುಕೇ. ಕಾರಿನ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಮುಂದಿನ ಚಕ್ರ ತಿರುಗಿ ಓಡುವ ಕಾರಾದರೆ, ಮಳೆಗಾಲದಲ್ಲಿ ತೋಟದ ಏರು ಹತ್ತುವಾಗ ಮುಂದಿನ ಚಕ್ರಕ್ಕೆ ಹಿಡಿತ ಸಾಲದೆ ಕೆಸರಿನಲ್ಲಿ ಸುಮ್ಮನೆ ಸುತ್ತುತ್ತದೆ, ಸ್ಟಿಯರಿಂಗೂ ಹಗುರಾಗುತ್ತದೆ.

ಔಷಧಿ ಡ್ರಮ್ಮಿನ ಮಾತು ಬಂದದ್ದರಿಂದ ಇದನ್ನೂ ಸೇರಿಸಿ. 500 ಲೀಟರಿನ ಡ್ರಮ್ಮಿನಲ್ಲಿ ಅರ್ಧ ನೀರಿದ್ದರೆ, ಏರಿನಲ್ಲಿ ನೀರು ಹಿಂದಕ್ಕೆ ಹರಿದು ಮುಂಭಾರ ಇಳಿಯುತ್ತದೆ, ಇಳಿಜಾರಿನಲ್ಲಿ ಮುಂದಕ್ಕೆ ಬಂದು ಏರುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ಬಡಿಯುತ್ತದೆ. ಅಂಗಳದಲ್ಲಿ ತೂಗಿದ ಅಂಕಿಗೆ ಅರ್ಥವೇ ಉಳಿಯುವುದಿಲ್ಲ. ಪೂರ್ತಿ ತುಂಬಿಸಿ, ಇಲ್ಲವೇ ಖಾಲಿ ಒಯ್ಯಿರಿ. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣವನ್ನು ಆಗಿಂದಾಗ ಬೆರೆಸಿ ಹೊಡೆಯುವುದೇ ಕ್ರಮ. ತೋಟದ ನೀರಿನಲ್ಲೇ ಬೆರೆಸುವುದಾದರೆ ರಸ್ತೆಯ ಮೇಲೆ ನೀರು ಹೊತ್ತು ಹೋಗುವುದೇಕೆ?

ಇನ್ನು ‘ಟೋ’. ನಮ್ಮಲ್ಲಿ ಟೋ ಮಾಡುವುದು ಎಂದರೆ ಕೆಟ್ಟು ನಿಂತ ಗಾಡಿಗೆ ಹಗ್ಗ ಹಾಕಿ ಎಳೆಯುವುದು, ಇಲ್ಲವೇ ಪೊಲೀಸರು ಗಾಡಿ ಎತ್ತಿಕೊಂಡು ಹೋಗುವುದು. ಟ್ರೈಲರಿಗೆ ಈ ಮಾತು ಬೇಡ. ಕಟ್ಟು, ಎಳೆ ಇವೆರಡೇ ಸಾಕು. ನನಗೆ ಇದು ಬರೀ ಶೈಲಿಯ ಮಾತಾಗಿ ಕಾಣುವುದಿಲ್ಲ. ಕಾರಿನ ಬಂಪರಿಗೆ ತಿರುಗಿಸಿ ಹಾಕುವ ಬಳೆಯನ್ನು ‘ಟೋ ಹುಕ್’ ಅನ್ನುತ್ತಾರೆ. ಅದು ಕೆಸರಿನಲ್ಲಿ ಹೂತ ಕಾರನ್ನು ಎಳೆದು ತೆಗೆಯುವುದಕ್ಕೆ ಮಾತ್ರ. ಮೇಲಿಂದ ಬೀಳುವ ಭಾರವನ್ನು ತಡೆಯುವುದಿಲ್ಲ. ‘ಟೋ ಹುಕ್ಕಿಗೆ ಟ್ರೈಲರ್ ಕಟ್ಟಿ’ ಎಂದು ಅಚ್ಚಾದರೆ ಯಾರಾದರೂ ಅಲ್ಲಿಗೇ ಕಟ್ಟಿಯಾರು. ಟ್ರೈಲರಿನ ಕೊಂಡಿ ಚಾಸಿಗೆ ಬೋಲ್ಟು ಹಾಕಿ ಕೂರಿಸಿದ್ದಾಗಿರಬೇಕು. ಎಷ್ಟೋ ಸಣ್ಣ ಕಾರುಗಳ ಕೈಪಿಡಿಯಲ್ಲಿ ಟ್ರೈಲರ್ ಎಳೆಯಬೇಡಿ ಎಂದೇ ಇರುತ್ತದೆ. ‘ಮೊದಲು ನಿಮ್ಮ ಕಾರಿನ ಕೈಪಿಡಿ ನೋಡಿ’ ಎಂಬ ಸಾಲು ಮೊದಲ ಪುಟದಲ್ಲೇ ಬರಲಿ.

ಕೊಂಡಿಯಲ್ಲಿ ಎರಡು ಭಾಗ. ಕಾರಿನ ಕಡೆಯದು ಗುಂಡು, ಟ್ರೈಲರಿನ ಕಡೆಯದು ಗುಂಡನ್ನು ಮುಚ್ಚಿ ಹಿಡಿಯುವ ಟೊಪ್ಪಿ. ಗುಂಡಿನ ಅಳತೆ 50 ಮಿ.ಮೀ. ಇರುತ್ತದೆ, 2 ಇಂಚೂ ಇರುತ್ತದೆ, ಅಂದರೆ 50.8 ಮಿ.ಮೀ. ಕಣ್ಣಿಗೆ ಎರಡೂ ಒಂದೇ. 2 ಇಂಚಿನ ಟೊಪ್ಪಿಯನ್ನು 50ರ ಗುಂಡಿಗೆ ಹಾಕಿದರೆ ಸಡಿಲವಾಗಿ ಕಟಕಟ ಬಡಿಯುತ್ತಾ ಸವೆಯುತ್ತದೆ. 50ರ ಟೊಪ್ಪಿ 2 ಇಂಚಿನ ಗುಂಡಿನ ಮೇಲೆ ಪೂರ್ತಿ ಕೂರುವುದೇ ಇಲ್ಲ, ಲಾಕ್ ಬಿದ್ದಂತೆ ಮಾತ್ರ ಕಾಣುತ್ತದೆ. ಪರೀಕ್ಷೆ ಸುಲಭ: ಲಾಕ್ ಹಾಕಿ ಪಿನ್ನು ತೂರಿಸಿದ ಮೇಲೆ ಮೂಕಿಯ ಜ್ಯಾಕನ್ನು ನಾಲ್ಕು ಸುತ್ತು ಏರಿಸಿ. ಕಾರಿನ ಹಿಂಭಾಗವೂ ಜೊತೆಗೆ ಏಳಬೇಕು. ಬರೀ ಮೂಕಿ ಎದ್ದರೆ ಕೂತಿಲ್ಲ ಎಂದೇ ಅರ್ಥ.

‘ಸೇಫ್ಟಿ ಚೈನ್’ ಎಂಬುದನ್ನು ಕಾಪು ಸರಪಣಿ ಎನ್ನಿ, ಹೆಸರಿಗಿಂತ ಅದನ್ನು ಹಾಕುವ ರೀತಿ ಮುಖ್ಯ. ಎರಡು ಸರಪಣಿ, ಮೂಕಿಯ ಅಡಿಯಲ್ಲಿ ಕತ್ತರಿ ಹಾಕಿ: ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಟೊಪ್ಪಿ ಕಳಚಿದರೆ ಮೂಕಿ ಆ ಕತ್ತರಿಯ ಮೇಲೆ ಬಂದು ಕೂರುತ್ತದೆ, ರಸ್ತೆಗೆ ನಾಟುವುದಿಲ್ಲ. ಪೂರ್ತಿ ತಿರುವು ತೆಗೆದುಕೊಳ್ಳುವಷ್ಟು ಸಡಿಲ ಬೇಕು, ಆದರೆ ನೆಲಕ್ಕೆ ಉಜ್ಜಬಾರದು.

ಬೀಸುವುದಕ್ಕೆ ಓಲಾಟ ನನಗೆ ಒಪ್ಪಿಗೆಯಿಲ್ಲ. ಅದು ದೋಣಿಗೆ, ತೊಟ್ಟಿಲಿಗೆ ಸರಿ, ಮೆತ್ತಗಿದೆ. ಹೊಯ್ದಾಟ ಎನ್ನಿ. ಹಿಂಭಾರವಾದ ಟ್ರೈಲರು ಅಚ್ಚಿನ ಸುತ್ತ ತಿರುಗಲು ನೋಡುತ್ತಾ ಕಾರಿನ ಹಿಂಭಾಗವನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೂಕುತ್ತದೆ. ವೇಗ ಹೆಚ್ಚಿದಷ್ಟೂ ಆ ಬೀಸು ತಾನಾಗಿ ತಣಿಯುವುದಿಲ್ಲ, ದೊಡ್ಡದಾಗುತ್ತದೆ. ಹೊಂಡ ಹಾರುವಾಗಿನ ಎಗರಾಟ ಬೇರೆ, ಅದಕ್ಕೆ ಈ ಪದ ಹಾಕಬೇಡಿ. ಕೊಂಡಿಯ ಹತ್ತಿರ ಮುರಿದುಕೊಳ್ಳುವುದಕ್ಕೆ ಮಡಚಿಕೊಳ್ಳು ಎಂಬುದೇ ಚಾಲಕರ ಬಾಯಲ್ಲಿದೆ: ‘ಗಾಡಿ ಮಡಚಿಕೊಳ್ತು’. ಅದಕ್ಕಿಂತ ಒಳ್ಳೆಯ ಪದ ಹುಡುಕುವ ಅಗತ್ಯವಿಲ್ಲ.

ಕಾನೂನಿನ ಮಾತು ಚಿಕ್ಕದು. 1988ರ ಮೋಟಾರು ವಾಹನ ಕಾಯ್ದೆ ಟ್ರೈಲರನ್ನೂ ಸೆಮಿ ಟ್ರೈಲರನ್ನೂ ಬೇರೆ ಮಾಡುತ್ತದೆ. ಸೆಮಿ ಟ್ರೈಲರ್ ತನ್ನ ಒಂದು ಭಾಗವನ್ನು ಎಳೆಯುವ ವಾಹನದ ಮೇಲೇ ಹೇರಿಕೊಂಡಿರುತ್ತದೆ, ಕಂಟೇನರ್ ಲಾರಿಯಂತೆ. ನಿಮ್ಮದು ಟ್ರೈಲರ್, ಅದಕ್ಕೆ ತನ್ನದೇ ನೋಂದಣಿ ಬೇಕು. ಟ್ರೈಲರಿನ ನಂಬರು ಅದರ ಪಕ್ಕದಲ್ಲಿ, ಎಳೆಯುವ ಗಾಡಿಯ ನಂಬರು ಟ್ರೈಲರಿನ ಹಿಂದೆ. ಕೆಎ-14ರ ಜೀಪಿನಿಂದ ಬಿಚ್ಚಿ ಕೆಎ-15ರದಕ್ಕೆ ಕಟ್ಟಿದರೆ ಹಿಂದಿನ ಫಲಕವೂ ಬದಲಾಗಬೇಕು.

ಮರುಪ್ರಶ್ನೆ (ತೀರ್ಥಹಳ್ಳಿಯಿಂದ)

ತುಂಬಾ ಉಪಕಾರವಾಯಿತು ಸರ್. ಮುಂಭಾರ, ಹಿಂಭಾರ, ಹೊಯ್ದಾಟ ಹಾಕಿದ್ದೇನೆ. ಕರಡಿನ ಮೂರು ವಾಕ್ಯ ಕೆಳಗಿದೆ, ದಯವಿಟ್ಟು ನೋಡಿ.

ಒಂದು, ‘ಟ್ರೈಲರ್ ಹೊಯ್ದಾಡಿದರೆ ತಕ್ಷಣ ವೇಗ ತಗ್ಗಿಸಿ.’ ಎರಡು, ‘ಘಾಟಿ ಇಳಿಯುವಾಗ ಬ್ರೇಕ್ ಫೇಲ್ ಆಗದಂತೆ ಎಚ್ಚರ ವಹಿಸಿ.’ ಮೂರು, ‘ರಿವರ್ಸ್‌ನಲ್ಲಿ ಬಲಕ್ಕೆ ಹೋಗಬೇಕಾದರೆ ಬಲಕ್ಕೆ ತಿರುಗಿಸಿ.’

ಉತ್ತರ (ಸಾಗರದಿಂದ)

ಮೂರನ್ನೂ ಬದಲಿಸಬೇಕು ಸರ್.

ಮೊದಲನೆಯದು ಅಪಾಯದ ವಾಕ್ಯ. ‘ತಕ್ಷಣ ವೇಗ ತಗ್ಗಿಸಿ’ ಎಂದರೆ ಯಾರೇ ಆಗಲಿ ಬ್ರೇಕ್ ಒತ್ತುತ್ತಾರೆ. ಕಾರು ನಿಧಾನವಾದರೂ ಪಕ್ಕಕ್ಕೆ ವಾಲಿದ ಟ್ರೈಲರು ಹಿಂದಿನಿಂದ ನೂಕುತ್ತಲೇ ಇರುತ್ತದೆ, ಮಡಚಿಕೊಳ್ಳುವುದು ಆಗಲೇ. ಹೀಗೆ ಬರೆಯಿರಿ: ‘ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಬ್ರೇಕ್ ಒತ್ತಬೇಡಿ. ಸ್ಟಿಯರಿಂಗನ್ನು ನೇರವಾಗಿ ಬಿಗಿಹಿಡಿಯಿರಿ, ಬೀಸಿಗೆ ಎದುರಾಗಿ ತಿರುಗಿಸಲು ಹೋಗಬೇಡಿ. ಹೊಯ್ದಾಟ ನಿಂತ ಮೇಲೆ ರಸ್ತೆಯ ಬದಿಗೆ ನಿಲ್ಲಿಸಿ ಸರಕನ್ನು ಮುಂದಕ್ಕೆ ಸರಿಸಿ.’ ಕೊನೆಯ ವಾಕ್ಯ ಬಿಡಬೇಡಿ, ಕಾರಣ ಹೆಚ್ಚಿನ ಸಲ ಸರಕಿನಲ್ಲೇ ಇರುತ್ತದೆ. ಇಳಿಸುವ ಕ್ರಮವೂ ಅಲ್ಲೇ ಬರಲಿ: ಹೇರುವಾಗ ಮುಂದಿನದು ಮೊದಲು, ಇಳಿಸುವಾಗ ಹಿಂದಿನದು ಮೊದಲು. ಕಾರಿನಿಂದ ಬಿಚ್ಚಿಟ್ಟ ಟ್ರೈಲರಿನಲ್ಲಿ ಮುಂದಿನ ಚೀಲಗಳನ್ನು ಮೊದಲು ತೆಗೆದರೆ ಮೂಕಿ ಮೇಲೆ ಚಿಮ್ಮಿ ನಿಂತವರ ಗದ್ದಕ್ಕೆ ಹೊಡೆಯುತ್ತದೆ.

ಎರಡನೆಯದರಲ್ಲಿ ‘ಬ್ರೇಕ್ ಫೇಲ್’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ದೋಷ ಸೇರಿಕೊಂಡಿವೆ. ಪ್ಯಾಡು ಕಾದು ಹಿಡಿತ ಬಿಟ್ಟರೆ ಪೆಡಲು ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ಒತ್ತಿದರೂ ಗಾಡಿ ನಿಲ್ಲುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಬ್ರೇಕ್ ಆಯಿಲ್ ಕುದಿದರೆ ಪೆಡಲು ಮೆತ್ತಗಾಗಿ ಅಡಿಗೆ ಹೋಗುತ್ತದೆ. ಈ ಎರಡನೆಯದಕ್ಕೆ ನಮ್ಮ ಮಳೆಗಾಲವೂ ಸಹಾಯ ಮಾಡುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದು ಸೇರಿಸಿ. ವಾಕ್ಯ ಹೀಗಿರಲಿ: ‘ಹತ್ತಿದ ಗೇರಿನಲ್ಲೇ ಇಳಿಯಿರಿ. ನ್ಯೂಟ್ರಲ್ ಮಾಡಬೇಡಿ. ಬ್ರೇಕಿನ ಮೇಲೆ ಕಾಲಿಟ್ಟೇ ಇರಬೇಡಿ. ಗಟ್ಟಿಯಾಗಿ ಒತ್ತಿ, ವೇಗ ಇಳಿದ ಮೇಲೆ ಬಿಡಿ.’ ಬ್ರೇಕಿಲ್ಲದ ಟ್ರೈಲರಿನ 600 ಕೆಜಿಯನ್ನೂ ಕಾರಿನ ಬ್ರೇಕೇ ತಡೆಯಬೇಕು ಎಂಬುದನ್ನು ನೆನಪಿಸಿ. ಯುರೋಪಿನಲ್ಲಿ ಒಟ್ಟು ತೂಕ 750 ಕೆಜಿ ಮೀರಿದರೆ ಟ್ರೈಲರಿಗೆ ತನ್ನದೇ ಬ್ರೇಕ್ ಕಡ್ಡಾಯ. ಆಗುಂಬೆಯ 14 ತಿರುವು, ಹುಲಿಕಲ್ ಘಾಟಿ ಇರುವ ಊರಿನವರಿಗೆ ಬರೆಯುವಾಗ 750ರವರೆಗೆ ಕಾಯದೆ ಅದಕ್ಕೂ ಮೊದಲೇ ಬ್ರೇಕುಳ್ಳ ಟ್ರೈಲರ್ ಕೊಳ್ಳಿ ಎನ್ನುವುದು ನನ್ನ ಅಭಿಪ್ರಾಯ. ಹೇರ್‌ಪಿನ್ ತಿರುವಿನಲ್ಲಿ ಟ್ರೈಲರಿನ ಗಾಲಿ ಕಾರಿನ ಗಾಲಿಗಿಂತ ಒಳಗೆ ಹೋಗುತ್ತದೆ, ಒಳಬದಿಯ ಮೋರಿಗೆ ಇಳಿಯುವುದು ಇದರಿಂದಲೇ. ಸ್ವಲ್ಪ ಹೊರಗೆ ಹೋಗಿ ತಡವಾಗಿ ತಿರುಗಿಸಬೇಕು.

ದೀಪದ ವೈರಿಗೂ ಒಂದು ಸಾಲು ಕೊಡಿ. ಮಳೆಯಲ್ಲಿ ಪ್ಲಗ್ಗಿನ ಪಿನ್ನು ಹಸಿರುಗಟ್ಟಿ ಮೊದಲು ಕೈಕೊಡುವುದು ಅರ್ತ್ ವೈರು. ಬ್ರೇಕ್ ಒತ್ತಿದಾಗ ಇಂಡಿಕೇಟರೂ ಮಂಕಾಗಿ ಹೊತ್ತಿದರೆ ಬಲ್ಬು ಬದಲಿಸುವ ಮುಂಚೆ ಅರ್ತ್ ನೋಡಬೇಕು.

ಮೂರನೆಯ ವಾಕ್ಯದಲ್ಲಿ ಏನು ಬಲಕ್ಕೆ, ಯಾವುದನ್ನು ಬಲಕ್ಕೆ ಎಂಬುದೇ ಇಲ್ಲ. ಹಿಂದಕ್ಕೆ ಹೋಗುವಾಗ ಸ್ಟಿಯರಿಂಗಿನ ಮೇಲ್ಭಾಗ ಬಲಕ್ಕೆ ಹೋದರೆ ಟ್ರೈಲರಿನ ಹಿಂಭಾಗ ಎಡಕ್ಕೆ ಹೋಗುತ್ತದೆ. ಆದ್ದರಿಂದ ಎಡ ಬಲದ ಜೊತೆಗೆ ಕೈ ಎಲ್ಲಿರಬೇಕು ಎಂಬುದನ್ನೂ ಹೇಳಿ: ‘ಸ್ಟಿಯರಿಂಗಿನ ಕೆಳತುದಿಯನ್ನು ಒಂದು ಕೈಯಲ್ಲಿ ಹಿಡಿಯಿರಿ. ಟ್ರೈಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಆ ಕಡೆಗೇ ಕೈಯನ್ನು ಸ್ವಲ್ಪ ಸರಿಸಿ. ಟ್ರೈಲರ್ ತಿರುಗಲು ಶುರುವಾದ ಕೂಡಲೇ ಕೈಯನ್ನು ಹಿಂದಕ್ಕೆ ತಂದು ಅದನ್ನು ಹಿಂಬಾಲಿಸಿ. ಮೂಕಿ ಬಂಪರಿನ ಮೂಲೆಗೆ ಹತ್ತಿರ ಬಂದರೆ ನಿಲ್ಲಿಸಿ, ಮುಂದಕ್ಕೆ ಹೋಗಿ ನೇರ ಮಾಡಿಕೊಂಡು ಮತ್ತೆ ಹಿಂದಕ್ಕೆ ಬನ್ನಿ.’ ‘ಸ್ವಲ್ಪ’ ಎಂಬ ಪದವನ್ನು ಅಚ್ಚಿನಲ್ಲಿ ದಪ್ಪಕ್ಷರ ಮಾಡಿಸಿ.